ಅವ್ವನ ಫೋಟೊ ತೆರೆಯುವ ಪ್ರೋಗ್ರಾಂ

ಮನುಷ್ಯ ತನ್ನ ಬದುಕಿನಲ್ಲಿ ಏನನ್ನು ಆರಿಸಿಕೊಳ್ಳುತ್ತಾನೆ ಎಂಬುದರಿಂದಲೇ ಅವನ ಯೋಗ್ಯತೆ ತಿಳಿಯುತ್ತದೆ. ಹಾಗೆ ನೋಡಿದರೆ ನನ್ನ ಯೋಗ್ಯತೆ ತಿಳಿಯುವುದು ಕಷ್ಟ. ನನ್ನ ಹೆಂಡತಿಯನ್ನು ಅಕ್ಕ ಆರಿಸಿದಳು, ಸರಸ್ವತಿ ನಗರದ ಮನೆಯನ್ನು ಹೆಂಡತಿ ಆರಿಸಿದಳು, ಹೈಸ್ಕೂಲು ಮೇಷ್ಟ್ರ ಕೆಲಸ ಯಾರೂ ಆರಿಸದೆ ತಾನಾಗಿ ಬಂತು. ನಾನೇ ಖುದ್ದಾಗಿ, ಕೈಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡು, ಪರೀಕ್ಷೆ ಮಾಡಿ ಆರಿಸಿದ್ದು ಒಂದೇ ಒಂದು: ಕಂಪ್ಯೂಟರಿನಲ್ಲಿ ಫೋಟೊ ತೋರಿಸುವ ಒಂದು ಸಣ್ಣ ಪ್ರೋಗ್ರಾಂ.

ಅದಕ್ಕೆ ಕಾರಣ ಅವ್ವ.

ನಾನು ಎಂಟು ತಿಂಗಳ ಕೂಸಾಗಿದ್ದಾಗ ಅವ್ವ ತೀರಿಕೊಂಡಳು. ಅಕ್ಕನಿಗೆ ಆಗ ಎಂಟು ವರ್ಷ. ಹೀಗಾಗಿ ಅಕ್ಕನಿಗೆ ಅವ್ವನ ನೆನಪಿತ್ತು. ನನಗೆ ಅಕ್ಕ ಹೇಳಿದ್ದಷ್ಟೇ ನೆನಪಿತ್ತು. ಅವ್ವನದೊಂದು ಫೋಟೊ ದೇವರ ಕೋಣೆಯಲ್ಲಿ ಇತ್ತು. ಮುತ್ತೈದೆಯಾಗಿ ಹೋದವಳೆಂದು ಅಪ್ಪ ಪ್ರತಿ ಸೋಮವಾರ ಅದರ ಹಣೆಗೆ ಕುಂಕುಮ ಹಚ್ಚುತ್ತಿದ್ದರು. ಗಾಜು ಇರುವಷ್ಟು ದಿನ ಕುಂಕುಮ ಗಾಜಿಗೆ ಹತ್ತಿತು. ಒಮ್ಮೆ ಗಾಜು ಒಡೆಯಿತು. ಹೊಸದು ಹಾಕಿಸುವುದು ಹಾಗೇ ಉಳಿದುಹೋಯಿತು, ಸೋಮವಾರ ಮಾತ್ರ ಒಂದೂ ಉಳಿಯಲಿಲ್ಲ. ಒದ್ದೆ ಬೆರಳಿನ ಕುಂಕುಮ ನೇರ ಕಾಗದಕ್ಕೆ ಹತ್ತಿ ಹಣೆಯಿಂದ ಕಣ್ಣಿಗೆ, ಕಣ್ಣಿನಿಂದ ಬಾಯಿಗೆ ಇಳಿಯಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅಲ್ಲಿ ಇದ್ದದ್ದು ಒಂದು ಕೆಂಪು ಬಿಲ್ಲೆ ಮತ್ತು ಅದರ ಕೆಳಗೆ ಒಂದು ಸೀರೆ. ನಾನು ಆ ಬಿಲ್ಲೆಗೇ ಕೈಮುಗಿದು ಪರೀಕ್ಷೆಗೆ ಹೋಗುತ್ತಿದ್ದೆ. ಇಷ್ಟು ಶ್ರದ್ಧೆಯಿಂದ, ಒಂದು ವಾರವೂ ತಪ್ಪಿಸದೆ, ಮನೆಯವರ ಮುಖ ಅಳಿಸಿದ ಮನೆತನ ಇನ್ನೊಂದಿರಲಾರದು.

ನಲವತ್ತು ದಾಟಿದ ಮೇಲೆ ಇದು ಕಾಡತೊಡಗಿತು. ಅಪ್ಪ ಆಗಲೇ ಹೋಗಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಕೂಸನ್ನು ಸೊಂಟದ ಮೇಲೆ ಹೊತ್ತು ನಿಂತ ಯಾವಳಾದರೂ ಎಳೆಯ ಹೆಣ್ಣುಮಗಳು ಕಂಡರೆ, ಅವ್ವನಿಗೂ ಇಷ್ಟೇ ವಯಸ್ಸಿದ್ದಿರಬೇಕು ಎನಿಸುತ್ತಿತ್ತು. ಮೇಷ್ಟ್ರಾದವನು ಹಾಗೆ ದಿಟ್ಟಿಸುವುದು ಊರಿಗೆ ಒಳ್ಳೆಯದಲ್ಲವೆಂದು ಬೇಗ ಬಸ್ಸಿನ ಬೋರ್ಡು ಓದುತ್ತಿದ್ದೆ.

ನಂದಿಗುಡಿಯಲ್ಲಿ, ಅವ್ವನ ತವರಿನಲ್ಲಿ, ಒಂದು ಮದುವೆಯ ಗುಂಪು ಫೋಟೊ ಇರುವುದು ಗೊತ್ತಾದದ್ದು ಆ ಕಾಲಕ್ಕೆ. ಮೂವತ್ತು ಜನ, ಕಾರ್ಡಿನಷ್ಟು ಕಾಗದ, ಒಂದೊಂದು ಮುಖವೂ ಅಕ್ಕಿಕಾಳಿನಷ್ಟು. ಆ ಮನೆಯಲ್ಲಿ ಈಗಿದ್ದದ್ದು ಸೋದರಮಾವನ ಹೆಂಡತಿ ಮಾತ್ರ. ಅವರು ಸೊಸೆಯಾಗಿ ಬಂದದ್ದೇ ಅವ್ವ ಹೋದ ಮೇಲೆ. "ಇದ್ರಾಗ ನಿಮ್ಮವ್ವ ಅದಾಳಂತಪ. ಯಾರು ಅಂತ ನನಗೂ ತಿಳೀದು," ಎಂದರು ಅತ್ತೆ. ನನ್ನ ಜೊತೆ ಬಂದಿದ್ದ ಅಕ್ಕ ಕನ್ನಡಕ ಏರಿಸಿ ಇಳಿಸಿ ನೋಡಿ, "ಎಲ್ಲಾರೂ ಇರುವಿ ಕಂಡಂಗ ಕಾಣ್ತಾರೆ," ಎಂದು ಕೈಬಿಟ್ಟಳು. ದೊಡ್ಡದು ಮಾಡಿಸೋಣವೆಂದರೆ ಸ್ಟುಡಿಯೊದವನು ಫೋಟೊ ಎಂಟು ದಿನ ಇಲ್ಲೇ ಬಿಟ್ಟು ಹೋಗಿ ಎಂದ. ಗೋಡೆಯ ಫೋಟೊ ಒಂದು ರಾತ್ರಿಯೂ ಪರವೂರಿನಲ್ಲಿ ಮಲಗಕೂಡದೆಂದು ಅತ್ತೆ ಹಟ ಹಿಡಿದರು.

ಕೊನೆಗೆ ಅತ್ತೆ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಬಂದರು. ಲಗ್ನಪತ್ರಿಕೆ ಮಾಡುವ ಅಂಗಡಿಯಲ್ಲಿ ಸ್ಕ್ಯಾನ್ ಮುಗಿಯುವವರೆಗೆ ಯಂತ್ರದ ಪಕ್ಕದಲ್ಲೇ ಕೂತು, ಮುಂದಿನ ಬಸ್ಸಿಗೆ ಅದನ್ನು ವಾಪಸು ಒಯ್ದರು. ಎಷ್ಟು ದೊಡ್ಡದಾಗಿ ಮಾಡಲಿ ಎಂದು ಅಂಗಡಿಯವನು ಕೇಳಿದ್ದಕ್ಕೆ ನಾನು, "ಆಗೋವಷ್ಟು," ಎಂದಿದ್ದೆ. ಅವನು ಹಾಗೇ ಮಾಡಿದ. ಹನ್ನೊಂದು ಫ್ಲಾಪಿ ತುಂಬಿತು. "ಲಗ್ನದ ಸೀಜನ್ ಸರ. ಇಲ್ಲಿ ಕುಂತು ನೋಡಾಕ ಆಗಲ್ಲ, ಮನ್ಯಾಗ ನೋಡ್ಕಳ್ರಿ," ಎಂದು ಕಳಿಸಿದ.

ಮನೆಯಲ್ಲಿದ್ದದ್ದು ಪ್ರಶ್ನೆಪತ್ರಿಕೆ ಟೈಪು ಮಾಡಲೆಂದು ಕೊಂಡ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು. ಅದಕ್ಕೂ ನನ್ನ ಹಾಗೆ ನೆನಪು ಕಮ್ಮಿ.

ಅವ್ವ ಯಾರೆಂದು ಹೇಳಬಲ್ಲವಳು ಅಕ್ಕ ಒಬ್ಬಳೇ. ಅವಳಿದ್ದದ್ದು ಹರಿಹರದಲ್ಲಿ. ಹಾಸಿಗೆ ಹಿಡಿದ ಗಂಡನ ತಾಯಿಯ ಹತ್ತಿರ ಪಕ್ಕದ ಮನೆಯವರನ್ನು ಕೂರಿಸಿ ಬರಬೇಕು, ನಾಲ್ಕೂವರೆಯ ಬಸ್ಸಿಗೆ ತಪ್ಪದೆ ಹೊರಡಬೇಕು. ಮೊದಲ ಸಲ ಬಂದಾಗ, ಕಂಪ್ಯೂಟರಿನೊಡನೆ ಬಂದಿದ್ದ ಪ್ರೋಗ್ರಾಮಿನಲ್ಲೇ ಫೋಟೊ ತೆರೆದೆ. ಪರದೆ ಬೆಳ್ಳಗಾಯಿತು. ಪೆಟ್ಟಿಗೆಯೊಳಗೆ ಕರಕರ ಸದ್ದು ಶುರುವಾಯಿತು.

"ಒಳಗ ಏನು, ಮಂಡಕ್ಕಿ ಹುರೀತಾರೇನು?" ಎಂದಳು ಅಕ್ಕ.

ಸುಮಾರು ಹೊತ್ತಿನ ಮೇಲೆ ಮೇಲಿನಿಂದ ಒಂದು ಪಟ್ಟಿ ಇಳಿಯಿತು: ಚಪ್ಪರ. ಇನ್ನೊಂದು ಪಟ್ಟಿ: ಮಾವಿನ ತೋರಣ. ಆಮೇಲೆ ಹಿಂದಿನ ಸಾಲಿನಲ್ಲಿ ನಿಂತ ಗಂಡಸರ ರುಮಾಲುಗಳು. ಹೆಂಗಸರು ಕೂತದ್ದು ಅದರ ಕೆಳಗಿನ, ಎರಡನೇ ಸಾಲಿನ ಬೆಂಚಿನ ಮೇಲೆ. ಅವಸರಕ್ಕೆ ನಾನು ದೊಡ್ಡದು ಮಾಡುವ ಗುಂಡಿ ಒತ್ತಿದೆ. ಪರದೆ ಮತ್ತೆ ಬೆಳ್ಳಗಾಗಿ ಮೊದಲಿನಿಂದ ಚಪ್ಪರ ಕಟ್ಟತೊಡಗಿತು.

"ಏ ತಮ್ಮಾ, ಮಾವನ ರುಮಾಲು ಬಂತು. ಮಾವ ಬರೋದ್ರಾಗ ನನ್ನ ಬಸ್ ಹೋಗ್ತೈತೆ."

"ಇನ್ನ ಐದೇ ನಿಮಿಷ ಅಕ್ಕ."

"ಇಷ್ಟೊತ್ತಿಗೆ ಆ ಮದುವಿ ಊಟಾನೇ ಮುಗಿದಿತ್ತು," ಎಂದು ಎದ್ದಳು. ಹೊಸಲು ದಾಟುವಾಗ ಮಾತ್ರ ಒಮ್ಮೆ ತಿರುಗಿ ಪರದೆ ನೋಡಿದಳು. ಅವಳು ಮತ್ತೆ ಬರುವುದು ಒಂದು ತಿಂಗಳಿಗೋ ಎರಡು ತಿಂಗಳಿಗೋ.

ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಗೆಳೆಯನೊಬ್ಬ ಆಗ ಟೈಪ್‌ರೈಟರುಗಳನ್ನು ಮೂಲೆಗೆ ತಳ್ಳಿ ಕಂಪ್ಯೂಟರ್ ಪಂಡಿತನಾಗಿದ್ದ. ಅವನಿಗೆ ಹೇಳಿದೆ.

"ಹೊಸಾ ಮಷೀನ್ ತಗಳ್ರಿ ಅಂತ ಹೇಳಿದ್ರೆ ನೀವು ಕೇಳೋರಲ್ಲ," ಎಂದು ಒಂದು ಪತ್ರಿಕೆಯ ಜೊತೆ ಬಂದಿದ್ದ ಸಿಡಿ ಕೊಟ್ಟ. "ಇದ್ರಾಗ ಫೋಟೊ ತೋರ್ಸೋವು ಬೇಕಾದಷ್ಟು ಅದಾವೆ. ನೋಡಾಕ ಚೆಂದ ಇರೋವು ಬ್ಯಾಡ ಮೇಷ್ಟ್ರೇ. ಬಡವರ ಮನಿ ಕಂಡಂಗ ಇರಬೇಕು. ಒಳಗ ಏನೂ ಇರಬಾರದು."

ನನ್ನ ಮದುವೆಗೆ ಮುಂಚೆ ನಡೆಯದಿದ್ದ ವಧುಪರೀಕ್ಷೆ ಹೀಗೆ ನಡೆಯಿತು. ಮೊದಲನೆಯ ಪ್ರೋಗ್ರಾಂ ಸುಂದರಿ. ಆದರೆ ಫೋಟೊ ತೋರಿಸುವ ಮೊದಲು ತನ್ನ ಚಿತ್ರ ತೋರಿಸಿತು, ತನ್ನನ್ನು ಬರೆದವನ ಹೆಸರು ಹೇಳಿತು, ಮೂವತ್ತು ದಿನವಾದ ಮೇಲೆ ತಾನು ಇರುವುದಿಲ್ಲ ಎಂದು ಎಚ್ಚರಿಸಿತು. ಎರಡನೆಯದು ಅತಿ ಉಪಚಾರದ್ದು. ಒಂದು ಫೋಟೊ ಕೇಳಿದರೆ ಪೆಟ್ಟಿಗೆಯಲ್ಲಿದ್ದ ಸಕಲ ಚಿತ್ರಗಳನ್ನೂ ಅಂಚೆಚೀಟಿಗಳಂತೆ ಜೋಡಿಸಲು ಕೂತು ಅಲ್ಲೇ ಮೂರ್ಛೆಹೋಯಿತು. ಮೂರನೆಯದಕ್ಕೆ ರೂಪವೇ ಇರಲಿಲ್ಲ. ಒಂದು ಬೂದು ಕಿಟಕಿ. ಇಡೀ ಪ್ರೋಗ್ರಾಂ ಅರ್ಧ ಫ್ಲಾಪಿಯಲ್ಲಿ ಹಿಡಿಯುತ್ತಿತ್ತು. ಗಡಿಯಾರ ನೋಡಿಕೊಂಡು ಒತ್ತಿದೆ. ಒಂಬತ್ತು ಸೆಕೆಂಡಿಗೆ ಮೂವತ್ತು ಜನ ಒಮ್ಮೆಲೇ ಬಂದು ನಿಂತರು. ಪ್ಲಸ್ ಗುಂಡಿ ಒತ್ತಿದರೆ ತಡವಿಲ್ಲದೆ ಹತ್ತಿರ ಬಂದರು.

ಎರಡನೇ ಸಾಲಿನಲ್ಲಿ ಹನ್ನೊಂದು ಹೆಂಗಸರಿದ್ದರು. ಇವರಲ್ಲಿ ಒಬ್ಬಳು ಅವ್ವ.

ಅಕ್ಕ ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ. ದಿನಾ ಸಂಜೆ ಸ್ಕೂಲಿನಿಂದ ಬಂದು, ಚಹಾ ಪಕ್ಕದಲ್ಲಿಟ್ಟುಕೊಂಡು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಎದುರೂ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಎಡಗಡೆಯ ದಪ್ಪನೆಯವರು ಆಗಲಿಕ್ಕಿಲ್ಲ. ಮೂಗುತಿಯವಳು ವಯಸ್ಸಾದವಳು. ಒಬ್ಬಳು ಬಗ್ಗಿಬಿಟ್ಟಿದ್ದಳು, ಅವಳನ್ನು ದಾಟಿ ಹೋಗುತ್ತಿದ್ದೆ. ಬಲತುದಿಯಲ್ಲಿ ಒಬ್ಬಳಿದ್ದಳು: ತಲೆಯ ಮೇಲೆ ಸೆರಗು, ತುಟಿ ಬಿಗಿಹಿಡಿದ ನಗು, ನೇರ ನನ್ನನ್ನೇ ನೋಡುವ ಕಣ್ಣು. ಒಂದು ವಾರದಲ್ಲಿ ನಾನು ಅವಳ ಹತ್ತಿರವೇ ಹೆಚ್ಚು ಹೊತ್ತು ನಿಲ್ಲತೊಡಗಿದೆ. ಎರಡನೇ ವಾರ ಉಳಿದವರನ್ನು ನೋಡುವುದನ್ನೇ ಬಿಟ್ಟೆ. "ಈಕಿನೇ ಇರಬೇಕು ಅನ್ನಿಸ್ತೈತೆ," ಎಂದು ಹೆಂಡತಿಗೆ ತೋರಿಸಿದೆ. ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, "ಅಕ್ಕ ಬರ್ಲಿ ತಡೀರಿ," ಎಂದು ಒಳಗೆ ಹೋದಳು.

ಅಕ್ಕ ಬಂದಳು. ಅವಳು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಫೋಟೊ ತೆರೆದಿತ್ತು.

"ಅಯ್ಯ, ಬಂದೇಬಿಟ್ರಲ್ಲ ಎಲ್ಲಾರೂ!"

ನಾನು ಬಲತುದಿಗೆ ಹೋಗಿ ಪ್ಲಸ್ ಒತ್ತಿದೆ. "ಈಕಿ ಏನಕ್ಕ?"

ಅಕ್ಕ ನಕ್ಕುಬಿಟ್ಟಳು. "ಥೂ, ಆಕಿ ಬೀಗರ ಕಡೆಯಾಕಿ, ಹದಡಿ ಊರಾಕಿ. ಉಪ್ಪಿಟ್ಟು ಆರೈತೆ ಅಂತ ಚಪ್ಪರದಾಗ ಜಗಳ ತೆಗೆದಿದ್ಲು. ನಮ್ಮ ಪೈಕಿನೇ ಅಲ್ಲ."

ಎರಡು ವಾರ ತಾಯಿಯಾಗಿದ್ದವಳು ಹಾಗೆ ಹೋದಳು. ನಾನೂ ನಕ್ಕೆ, ನಗದೆ ವಿಧಿಯಿರಲಿಲ್ಲ.

"ಕೆಳಗ ಸರಿಸು. ಇನ್ನೂ ಕೆಳಗ, ಹುಡುಗ್ರು ಕುಂತಾರಲ್ಲ ಅಲ್ಲಿ. ತಡಿ, ತಡಿ. ಆ ಕೈ ಎತ್ತೈತಲ್ಲ, ಆ ಕೂಸು."

"ಯಾರದು?"

"ನಾನು." ಅಕ್ಕ ಕುರ್ಚಿ ಮುಂದಕ್ಕೆಳೆದುಕೊಂಡಳು. "ಪೋಟದವ ಕರೇ ಬಟ್ಟಿ ಹೊದ್ದಕಂಡಿದ್ದು ನೋಡಿ ಅಂಜಿಕಂಡು ಏಳಾಕ ಹೋದೆ. ಹಿಂದಿಂದ ಅವ್ವ ಬಗ್ಗಿ, ಕೂಡೇ ಅಂತ ಲಂಗ ಹಿಡಿದು ಎಳದ್ಲು. ಈಗ ಮ್ಯಾಕ್ಕ ಹೋಗು."

ಮೇಲೆ ಹೋದೆ. ನಾನು ದಿನಾ ದಾಟಿ ಹೋಗುತ್ತಿದ್ದವಳು ಅಲ್ಲಿದ್ದಳು. ಒಂದು ಕೈ ಲಂಗದ ಅಂಚಿನ ಮೇಲಿತ್ತು. ಸೆರಗು ಜಾರಿತ್ತು. ಬೈತಲೆ ನೇರವಾಗಿತ್ತು.

ಅಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ, "ನಾ ಸುಮ್ಮನ ಕುಂತಿದ್ರೆ ನಿನಗ ಪೂರಾ ಕಾಣ್ತಿದ್ಲು ತಮ್ಮಾ," ಎಂದಳು.

"ಸುಮ್ಮನ ಕುಂತಿದ್ರೆ ಆಕಿ ಯಾರು ಅಂತ ನಿನಗೂ ತಿಳೀತಿರಲಿಲ್ಲ ಬಿಡು."

"ಇನ್ನೊಂದೀಟು ದೊಡ್ಡದು ಮಾಡು."

ಮಾಡಿದೆ. ಮತ್ತೊಮ್ಮೆ ಮಾಡಿದೆ. ಮೂರನೇ ಸಲಕ್ಕೆ ಕೆನ್ನೆ ಬೂದು ಚೌಕಗಳಾಗಿ ಒಡೆಯಿತು. ಒಂದು ಹೆಜ್ಜೆ ಹಿಂದೆ ಬಂದೆ. ಪ್ರೋಗ್ರಾಂ ಎಲ್ಲಿಯೂ ತಡೆಯಲಿಲ್ಲ, ಕೇಳಿದ್ದನ್ನು ಕೇಳಿದ ಕ್ಷಣಕ್ಕೆ ತೋರಿಸಿತು.

ಅಕ್ಕ ಆ ದಿನ ಐದೂವರೆಯ ಬಸ್ಸಿಗೆ ಹೋದಳು. ಫೋಟೊದಲ್ಲಿ ಅವ್ವನ ಎಡಗೆನ್ನೆ, ಮೂಗು ಮತ್ತು ಒಂದು ಕಣ್ಣಿನ ರೆಪ್ಪೆ ಕಾಣುತ್ತವೆ.