ತಿಜೋರಿಯಲ್ಲಿದ್ದ ವಧೂವರರು

ಬ್ಯಾಡಗಿಯ ಪ್ರಭುಲಿಂಗಪ್ಪ ಇಪ್ಪತ್ತೆಂಟು ವರ್ಷ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ ಮಾಡಿದವರು. ಮೆಣಸಿನಕಾಯಿ ಚೀಲ ಒಳಗೆ ಹೋಗುವಾಗ ನಂಬರು ಹಾಕುವುದು, ಹೊರಗೆ ಬರುವಾಗ ಅದೇ ನಂಬರಿನ ಚೀಲ ಹುಡುಕಿ ಕೊಡುವುದು. ಇಷ್ಟೇ ಕೆಲಸ. ನಿವೃತ್ತರಾದ ಮೇಲೆ ನಂಬರು ಹಾಕಲು ಏನೂ ಇಲ್ಲದೆ ಎರಡು ತಿಂಗಳು ಚಡಪಡಿಸಿದರು. ಆಮೇಲೆ ತಮ್ಮ ಸಮಾಜದ ಮದುವೆ ವಯಸ್ಸಿನ ಹುಡುಗ ಹುಡುಗಿಯರಿಗೆ ಹಾಕತೊಡಗಿದರು.

ಅಳಿಯ ಬಿಟ್ಟುಕೊಟ್ಟ ಹಳೆಯ ಕಂಪ್ಯೂಟರು ಪಡಸಾಲೆಯಲ್ಲಿತ್ತು. ಒಂದೇ ಬೆರಳಿನಿಂದ ಒತ್ತಿ ಒತ್ತಿ ಅದರಲ್ಲಿ ಆರುನೂರಾ ಹನ್ನೆರಡು ಹೆಸರು ತುಂಬಿದ್ದರು. ವರ ನಾನೂರಾ ಮೂವತ್ತೊಂದು, ಕನ್ಯೆ ನೂರಾ ಎಂಬತ್ತೊಂದು. ಇದ್ಯಾಕೆ ಹೀಗೆ ಎಂದು ಯಾರಾದರೂ ಕೇಳಿದರೆ, "ಬಂದದ್ದು ಬರಕೊಂಡೇನಿ" ಅನ್ನುತ್ತಿದ್ದರು. ಮದುವೆಯಾದರೆ ಹೆಸರಿನ ಮುಂದೆ 'ಆತು' ಎಂದು ಹೊಡೆಯುವುದು, ಬೇಡವೆಂದವರನ್ನು ಅಳಿಸುವುದು. ಹಳ್ಳಿಹಳ್ಳಿಯಿಂದ ಫೋನು ಬರುತ್ತಿತ್ತು. ಹೆಂಡತಿ ಫಕ್ಕೀರವ್ವನಿಗೆ ಬೇಸರವೇನೂ ಇರಲಿಲ್ಲ. ಆದರೆ ಆ ಕಂಪ್ಯೂಟರಿನ ಮೇಲೆ ಹಪ್ಪಳ ಒಣಗಿಸಬೇಡ ಎಂದು ಗಂಡ ಹೇಳಿದ್ದನ್ನು ಮಾತ್ರ ಮರೆತಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಬೆಳಗಿನ ಚಹಾದ ಹೊತ್ತಿಗೆ ಕಂಪ್ಯೂಟರು ಟಕ್ ಟಕ್ ಎಂದಿತು. ಮೊದಲಿಗೆ ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆ ಅಂದುಕೊಂಡು ಹೋಗಿ ತೆಗೆದರು. ಯಾರೂ ಇರಲಿಲ್ಲ. ವಾಪಸು ಬರುವುದರೊಳಗೆ ಪರದೆ ಕಪ್ಪಾಗಿತ್ತು.

ಕಂಪ್ಯೂಟರಿನ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಹಾವೇರಿ ಬಸ್ಸು ಹತ್ತಿದರು. ಅಲ್ಲಿ ತಸ್ಲೀಮ್ ಎಂಬ ಹೆಣ್ಣುಮಗಳು ಕಂಪ್ಯೂಟರ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಡಬ್ಬಿ ಬಿಚ್ಚಿದವಳೇ ಸತತ ಒಂಬತ್ತು ಸಲ ಸೀನಿದಳು. ಒಳಗೆಲ್ಲ ಮೆಣಸಿನಕಾಯಿ ಧೂಳು.

"ಕಾಕಾ, ಇದು ಕಂಪ್ಯೂಟರೋ, ಖಾರದ ಡಬ್ಬಿಯೋ?"

"ಬ್ಯಾಡಗಿದು ತಂಗಿ" ಎಂದರು ಪ್ರಭುಲಿಂಗಪ್ಪ, ಅದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ ಎಂಬಂತೆ.

ಹಾರ್ಡ್ ಡಿಸ್ಕನ್ನು ಕಿವಿಯ ಹತ್ತಿರ ಹಿಡಿದು ಕೇಳಿ ಅವಳು ತಲೆಯಾಡಿಸಿದಳು. "ಇದು ಮುಗೀತ್ರಿ. ಒಳಗಿನ ಪ್ಲೇಟಿಗೆ ಗೀರು ಬಿದ್ದೈತಿ. ಬ್ಯಾಕಪ್ ಐತೇನು?"

"ಐತಿ. ತಿಜೋರಿಯೊಳಗ."

ಮರುದಿನ ತಂದುಕೊಟ್ಟರು. ಹಿಂದೊಮ್ಮೆ ಪ್ರಿಂಟರ್ ರಿಪೇರಿಗೆ ಬಂದವನು ಹೆಸರುಗಳನ್ನೆಲ್ಲ ಸಣ್ಣದೊಂದು ಹೊರಗಿನ ಡಿಸ್ಕಿಗೆ ತುಂಬಿ, "ಜ್ವಾಕಿ ಮಾಡ್ರಿ" ಎಂದು ಹೋಗಿದ್ದ. ಪ್ರಭುಲಿಂಗಪ್ಪ ಜೋಪಾನ ಮಾಡಿದ್ದರು. ಫಕ್ಕೀರವ್ವನ ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟು, ಕೀಲಿ ಹಾಕಿ, ಮತ್ತೆ ಮುಟ್ಟಿರಲಿಲ್ಲ.

ತಸ್ಲೀಮ್ ಹೊಸ ಡಿಸ್ಕ್ ಕೂಡಿಸಿ, ತಿಜೋರಿಯ ಪ್ರತಿಯನ್ನು ಅದಕ್ಕೆ ಇಳಿಸಿದಳು. ಆರುನೂರಾ ಹನ್ನೆರಡು ಇದ್ದಲ್ಲಿ ನಾನೂರಾ ಐದು ಹೆಸರು ಬಂದವು.

"ಉಳಿದವು?"

"ಇದು ಎರಡು ಸಾವಿರದ ಇಪ್ಪತ್ತೆರಡು, ಜೂನ್ ತಿಂಗಳದ್ದೈತ್ರಿ ಕಾಕಾ. ಆಮ್ಯಾಲ ನೀವು ಬರದದ್ದು ಇದಕ್ಕ ಹೆಂಗ್ ಗೊತ್ತಾಗಬೇಕು?"

ಪ್ರಭುಲಿಂಗಪ್ಪ ಪರದೆಯ ಮೇಲಿನ ಹೆಸರು ಒಂದೊಂದಾಗಿ ಓದಿದರು. ಇಟ್ಟದ್ದು ಇಟ್ಟ ಹಾಗೆಯೇ ಹೊರಬಂದಿತ್ತು. ಇಪ್ಪತ್ತೆಂಟು ವರ್ಷ ಅವರು ಜನರಿಗೆ ಭರವಸೆ ಕೊಟ್ಟದ್ದೂ ಅದನ್ನೇ. ಆದರೆ ಆ ಜೂನ್ ಆದಮೇಲೆ ಮದುವೆಯಾಗಿ ತೊಟ್ಟಿಲು ಕಟ್ಟಿದವರೆಲ್ಲ ಪಟ್ಟಿಯಲ್ಲಿ ಈಗ ಮತ್ತೆ ಕನ್ಯೆಯರಾಗಿದ್ದರು.

ಮರುದಿನದಿಂದ ಒಬ್ಬೊಬ್ಬರಿಗೇ ಫೋನು ಹಚ್ಚಿದರು.

"ನಿಮ್ಮ ಮಗಳ ಮದುವಿ ಆಗೇತೇನ್ರಿ?"

"ನೀವ ನಿಂತು ಮಾಡಿಸೀರಲ್ರಿ! ಎರಡ ಸಲ ಹೋಳಿಗಿ ನೀಡಿಸ್ಕೊಂಡ್ರಿ!"

"ಹೌದ್ರಿ. ಖಾತ್ರಿ ಮಾಡಿಕೊಳ್ಳಾಕ ಕೇಳಿದೆ" ಎಂದು 'ಆತು' ಒತ್ತಿದರು.

ಹನ್ನೊಂದು ದಿನ ಹೀಗೆ ನಡೆಯಿತು. ಕಾಕಾನ ತಲೆ ಕೆಟ್ಟಿದೆ ಎಂದು ರಾಣೇಬೆನ್ನೂರಿನಲ್ಲಿ ಸುದ್ದಿಯಾಗಿ, ವಿಚಾರಿಸಲು ಅಲ್ಲಿಗೆ ಕೊಟ್ಟಿದ್ದ ಮಗಳು ಬಂದು ಹೋದಳು. ಹನ್ನೆರಡನೆಯ ದಿನ ಗುತ್ತಲದ ಸುಚಿತ್ರಾಳ ನಂಬರು ಬಂತು. ಹೊಲಿಗೆ ಕಲಿಸುವ ಹೆಣ್ಣುಮಗಳು, ವಯಸ್ಸು ಮೂವತ್ತಾರು.

"ನಾ ಹೆಸರು ತಗೀರಿ ಅಂತ ಹೇಳಿದ್ನಲ್ರಿ ಕಾಕಾ" ಎಂದಳು.

"ತಗದಿದ್ದೆ. ವಾಪಸ್ ಬಂದೈತಿ."

"ಯಾರು ತಂದ್ರು?"

"ಹಾರ್ಡ್ ಡಿಸ್ಕ್."

ಅವಳು ನಕ್ಕಳು. ಮದುವೆಯಾದರೆ ತಾಯಿ ಸಿದ್ದವ್ವನನ್ನೂ ಗಂಡನ ಮನೆಗೆ ಕರೆದುಕೊಂಡು ಬರುತ್ತೇನೆ ಎಂಬುದು ಅವಳ ಒಂದೇ ಷರತ್ತಾಗಿತ್ತು. 'ನಾವು ಹೆಣ್ಣು ಕೇಳೇವಿ, ಇಬ್ಬರನ್ನ ಕೇಳಿಲ್ಲ' ಎಂದು ಹದಿನಾಲ್ಕು ಮನೆಯವರು ಎದ್ದು ಹೋಗಿದ್ದರು. "ಈಗೂ ಅದ ಮಾತು ಐತ್ರಿ. ಬೇಕಾದ್ರ ಇರಲಿ, ಬ್ಯಾಡಾದ್ರ ಅಳಿಸ್ರಿ."

ಪ್ರಭುಲಿಂಗಪ್ಪ ಅಳಿಸಲು ಬೆರಳು ಎತ್ತಿದರು. ಫಕ್ಕೀರವ್ವ ಊಟಕ್ಕೆ ಕರೆದದ್ದರಿಂದ ಅಷ್ಟಕ್ಕೇ ಬಿಟ್ಟರು.

ಮಧ್ಯಾಹ್ನ ಹಚ್ಚಿದ ಮೊದಲ ಫೋನು ಕುಮಾರಪಟ್ಟಣದ ಚನ್ನೇಶನಿಗೆ. ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಮೂವತ್ನಾಲ್ಕು ವರ್ಷ. ಅವನೂ ಹೆಸರು ತೆಗೆಸಿದವನೇ. "ಅವ್ವ ಹೋಗಿ ವರ್ಷಾತ್ರಿ" ಎಂದ. "ಪಾಳಿ ಮುಗಿಸಿ ಮನಿಗೆ ಬಂದ್ರ ಕೀಲಿ ನಾನ ತಗೀಬೇಕು. ಮನ್ಯಾಗ ಹಿರೇರೊಬ್ಬರು ಕೂತಿದ್ರ ಸಾಕು ಅನಸ್ತೈತಿ. ಹೆಂಡತಿ ಮಾತು ಆಮ್ಯಾಲ."

ಪ್ರಭುಲಿಂಗಪ್ಪ ಫೋನಿಟ್ಟು ಎದ್ದು ನಿಂತರು. ಮತ್ತೆ ಕುಳಿತರು. ಸುಚಿತ್ರಾ ಅವನಿಗಿಂತ ಎರಡು ವರ್ಷ ದೊಡ್ಡವಳು. ಅಂಥ ಜೋಡಿಯನ್ನು ಅವರು ಒಂದು ಸಲವೂ ತೋರಿಸಿರಲಿಲ್ಲ. ಕಾಗದದ ಮೇಲೆ ಎರಡೂ ಹೆಸರು ಬರೆದು, ನಡುವೆ ಗೆರೆ ಎಳೆದು, ಗೆರೆ ಅಳಿಸಿ, ಕೊನೆಗೆ ಫಕ್ಕೀರವ್ವನ ಮುಂದೆ ಹಿಡಿದರು.

"ವಯಸ್ಸು ಅಡ್ಡ ಬರತೈತಿ."

ಫಕ್ಕೀರವ್ವ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ನೀವು ನನಕಿಂತ ಒಂಬತ್ತು ವರ್ಷ ದೊಡ್ಡಾರು. ಅದರಿಂದೇನು ಫಾಯದೆ ಆತು?"

ಪ್ರಭುಲಿಂಗಪ್ಪ ಪ್ರಾಮಾಣಿಕವಾಗಿ ಯೋಚಿಸಿದರು. ಹೋಗಿ ಎರಡೂ ಕಡೆ ಫೋನು ಮಾಡಿದರು.

ರಾಣೇಬೆನ್ನೂರಿನಲ್ಲಿ ಮಗಳ ಮನೆಯಲ್ಲಿ ಭೇಟಿ ಗೊತ್ತಾಯಿತು. ಸುಚಿತ್ರಾ ಒಂದು ಕಡೆ, ಚನ್ನೇಶ ಒಂದು ಕಡೆ, ನಡುವೆ ಸಿದ್ದವ್ವ. ಹುಡುಗ ಹುಡುಗಿ ತಟ್ಟೆಯ ಅವಲಕ್ಕಿ ನೋಡುತ್ತ ಕೂತರು. ಸಿದ್ದವ್ವನೇ ಬಾಯಿ ಬಿಟ್ಟಳು.

"ರಾತ್ರಿ ಪಾಳಿ ಮುಗಿಸಿ ಬಂದಾಗ ಏನು ತಿಂತೀಯಪ್ಪಾ?"

"ಬಿಸ್ಕಿಟ್ ರಿ."

"ಬರೇ ಬಿಸ್ಕಿಟ್?"

"ಚಹಾದಾಗ ಅದ್ದಿ."

ಸಿದ್ದವ್ವ ಮಗಳ ಕಡೆ ತಿರುಗಿ, ತೀರ್ಪು ಓದಿದವಳ ಹಾಗೆ, "ಇಂವಗ ಅಡಿಗಿ ಮಾಡವ್ರು ಬೇಕಾಗೇತಿ. ನಾ ಹೋಗ್ತೇನಿ. ನೀ ಬರ್ತೀಯೇನು ನೋಡು" ಎಂದಳು. ಸುಚಿತ್ರಾಳಿಗೆ ನಗು ತಡೆಯಲಾಗಲಿಲ್ಲ. ಅವಳು ನಕ್ಕಿದ್ದು ನೋಡಿ ಚನ್ನೇಶ ಮೊದಲ ಸಲ ತಲೆ ಎತ್ತಿದ. ಆಮೇಲೆ ಇಳಿಸಲಿಲ್ಲ.

ಮೇ ತಿಂಗಳಲ್ಲಿ ಮದುವೆಯಾಯಿತು. ಪ್ರಭುಲಿಂಗಪ್ಪ ತಸ್ಲೀಮಳನ್ನೂ ಕರೆದಿದ್ದರು. ಅವಳು ಬಂದು, ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಕೂತಾಗ ಕಾಕಾನಿಗೆ ತಾಕೀತು ಮಾಡಿದಳು. ತಿಂಗಳಿಗೊಮ್ಮೆ ಪ್ರತಿ ತೆಗೆಯಬೇಕು. ಎರಡು ಡಿಸ್ಕಿರಬೇಕು. ಒಂದು ಬೇರೆ ಊರಲ್ಲಿರಬೇಕು.

ಈಗ ಪ್ರಭುಲಿಂಗಪ್ಪ ಅಮಾವಾಸ್ಯೆಗೊಮ್ಮೆ ಪ್ರತಿ ತೆಗೆಯುತ್ತಾರೆ. ಕ್ಯಾಲೆಂಡರಿನಲ್ಲಿ ಆ ದಿನ ದೊಡ್ಡ ಕಪ್ಪು ಚುಕ್ಕೆ ಇರುವುದರಿಂದ ಮರೆಯುವುದಿಲ್ಲ. ಎರಡನೆಯ ಡಿಸ್ಕು ಮಗಳ ಮನೆಯಲ್ಲಿದೆ. ಕಳೆದುಹೋದ ಹೆಸರುಗಳಲ್ಲಿ ಸುಮಾರು ನೂರೈವತ್ತು ತಾವಾಗಿಯೇ ಫೋನು ಮಾಡಿ ಮತ್ತೆ ಸೇರಿಕೊಂಡವು. ಉಳಿದವರು ಏನಾದರೋ ಗೊತ್ತಿಲ್ಲ. ಕುಮಾರಪಟ್ಟಣದಿಂದ ಸಿದ್ದವ್ವ ವಾರಕ್ಕೊಮ್ಮೆ ಫೋನು ಹಚ್ಚಿ, ಅಕ್ಕಪಕ್ಕದ ಮನೆಯ ಹುಡುಗರ ಹೆಸರು ಬರೆಸುತ್ತಾಳೆ. ಎಲ್ಲರೂ ವರರೇ. ಪ್ರಭುಲಿಂಗಪ್ಪ ಬರೆದುಕೊಳ್ಳುತ್ತಾರೆ.