ಕಬ್ಬಿನ ಹುಳಿಯ ಹೆಪ್ಪು

ಮೊನ್ನೆ ಹಾಸನದ ಹೋಟೆಲೊಂದರಲ್ಲಿ ಮೊಮ್ಮಗಳು ನೂಡಲ್ಸ್ ಮೇಲೆ ವಿನೆಗರ್ ಚಿಮುಕಿಸಿದಳು ನೋಡಿ, ಆ ಹುಳಿ ಘಾಟು ಮೂಗಿಗೆ ಹೊಡೆದದ್ದೇ ತಡ, ನಾನು ಹೊಳೆನರಸೀಪುರದ ಹತ್ತಿರದ ನಮ್ಮೂರ ಅಡುಗೆಮನೆಯಲ್ಲಿ ಎಂಟು ವರ್ಷದ ಹುಡುಗಿಯಾಗಿ ನಿಂತಿದ್ದೆ. ನಮ್ಮಜ್ಜಿ ಅದಕ್ಕೆ ಕಬ್ಬಿನ ಹುಳಿ ಅನ್ನುತ್ತಿದ್ದಳು. ಆಲೆಮನೆಯಿಂದ ತಂದ ಕಬ್ಬಿನ ಹಾಲನ್ನು ಪಿಂಗಾಣಿ ಜಾಡಿಗೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟರೆ ಬೇಸಿಗೆ ಹೊತ್ತಿಗೆ ಹುಳಿ ಸಿದ್ಧ. ಮೇಲೆ ದೋಸೆಯಷ್ಟು ದಪ್ಪ ಲೋಳೆ ಕಟ್ಟುತ್ತಿತ್ತು. ಅದೇ ಹೆಪ್ಪು, ಮುಂದಿನ ವರ್ಷದ ಹುಳಿಗೂ ಅದೇ ಬೇಕು. ಆ ಹುಳಿಗೆ ಬೆಲ್ಲ, ಶುಂಠಿ, ಮೆಣಸು, ಲವಂಗ ಹಾಕಿ ಕುದಿಸಿ, ಆರಿಸಿ, ಹಣ್ಣಾದ ಮಾವಿನ ಹೋಳುಗಳ ಮೇಲೆ ಸುರಿಯುವಳು. ಆಷಾಢದ ಮಳೆಯಲ್ಲಿ ಬಿಸಿ ರಾಗಿರೊಟ್ಟಿ ಜೊತೆ ಒಂದು ಹೋಳು! ಅಯ್ಯೋ, ಈಗಲೂ ಬಾಯಲ್ಲಿ ನೀರೂರುತ್ತೆ.

ಆ ವರ್ಷ ಚಿಕ್ಕಮ್ಮ ಹೊಸದಾಗಿ ಮದುವೆಯಾಗಿ ನಮ್ಮ ಮನೆಗೆ ಬಂದಿದ್ದಳು. ಅತ್ತೆಯ ಕೈಲಿ ಭೇಷ್ ಅನ್ನಿಸಿಕೊಳ್ಳುವ ಆಸೆ, ಪಾಪ. ಅಜ್ಜಿ ಹೊಲಕ್ಕೆ ಹೋಗಿದ್ದಾಗ ಜಾಡಿ ತೆರೆದವಳು ಲೋಳೆ ಕಂಡು, ಕೆಟ್ಟುಹೋಗಿದೆ ಅಂದುಕೊಂಡು, ಎಲ್ಲವನ್ನೂ ತಿಪ್ಪೆಗೆ ಸುರಿದು, ಜಾಡಿಯನ್ನು ಬೂದಿ ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿದಳು. ಅತ್ತ ಅಟ್ಟದ ಹುಲ್ಲಿನಲ್ಲಿ ಮಾವು ಹಣ್ಣಾಗಿ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಇನ್ನೆರಡು ದಿನ ಬಿಟ್ಟರೆ ಕೊಳೆಯುವುದೇ. ತಾನು ಮಾಡಿದ್ದೇನೆಂದು ಸಂಜೆ ತಿಳಿದ ಚಿಕ್ಕಮ್ಮ, "ತವರಿಗೆ ಕಳಿಸ್ಬುಡ್ಬ್ಯಾಡಿ ಅತ್ತೆ" ಅಂತ ಕಂಬ ಹಿಡಿದು ಅತ್ತಳು. ಅಜ್ಜಿಯ ಬಾಯಿ ಎಷ್ಟು ಜೋರೆಂದು ಊರಿಗೇ ಗೊತ್ತು. ಮುಗೀತು ಇವಳ ಕಥೆ ಅಂದುಕೊಂಡೆ. ಅಜ್ಜಿ ಜಾಡಿಯನ್ನು ಎತ್ತಿ ಒಳಗೆ ಇಣುಕಿ ನೋಡಿದಳು.

"ತೊಳ್ದಿರೋದೇನೋ ಚೆಂದಾಗೇ ತೊಳ್ದಿದ್ದೀಯ ಬುಡು. ಅತ್ಬುಟ್ರೆ ಹುಳಿ ಬತ್ತದಾ? ಅರಕಲಗೂಡ್ನಲ್ಲಿ ನನ್ ತಂಗಿಗೆ ಇದೇ ಹೆಪ್ಪು ಕೊಟ್ಟಿವ್ನಿ. ಓಗಿ ಇಸ್ಕಂಡ್ ಬಾ ಓಗು."

ಮಾರನೆಯ ದಿನ ಚಿಕ್ಕಮ್ಮ, ನಾನು ಬಸ್ಸಿನಲ್ಲಿ ಹೋಗಿ, ಚಿಕ್ಕಜ್ಜಿ ಕೊಟ್ಟ ಅರ್ಧ ಜಾಡಿ ಹುಳಿ, ಹೆಪ್ಪು ಎರಡನ್ನೂ ತಂದೆವು. ಚಿಕ್ಕಮ್ಮನ ತೊಡೆಯ ಮೇಲೆ ಜಾಡಿ, ಅದರ ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ನನ್ನ ಎರಡೂ ಕೈ. ಗುಂಡಿಗೊಮ್ಮೆ ತುಳುಕಿ ಇಬ್ಬರ ಬಟ್ಟೆಯೂ ಒದ್ದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಏನಮ್ಮಾ, ಹೆಂಡ ಗಿಂಡ ಸಾಗಿಸ್ತಿದ್ದೀರಾ?" ಅಂದ. ಮದುವೆಯಾಗಿ ಬಂದಮೇಲೆ ಚಿಕ್ಕಮ್ಮ ಬಾಯಿಬಿಟ್ಟು ನಕ್ಕಿದ್ದು ಅವತ್ತೇ ಮೊದಲು. ಮಾವು ಒಂದೂ ಕೊಳೆಯಲಿಲ್ಲ. ಅಂಥ ಸುಖದ ಬೇಸಿಗೆಯನ್ನು ನಾನು ಮತ್ತೆ ಕಾಣಲಿಲ್ಲ.

ಆ ಮನೆ ಬಿದ್ದು ಅದೇ ಜಾಗದಲ್ಲಿ ತಾರಸಿ ಮನೆ ಎದ್ದಿದೆ. ಅಜ್ಜಿಯಿಲ್ಲ. ಹೆಪ್ಪನ್ನು ಕಡೆಯವರೆಗೂ ಕಾಪಾಡಿದವಳು ಅದನ್ನು ಚೆಲ್ಲಿದ್ದ ಚಿಕ್ಕಮ್ಮನೇ. ನನ್ನ ಮದುವೆಯಲ್ಲಿ ಮಡಿಲಕ್ಕಿಯ ಜೊತೆ ಅದರದೊಂದು ತುಂಡು ಕೊಟ್ಟಿದ್ದಳು. ಹೋದ ವರ್ಷ ಅವಳ ತಿಥಿಗೆ ಹೋದಾಗ ಹಿತ್ತಲ ಬಿಸಿಲಲ್ಲಿ ಜಾಡಿ ಬೋರಲು ಬಿದ್ದಿತ್ತು. ಅವಳ ಮೊಮ್ಮಗನ ಹೊಸ ಹೆಂಡತಿ, "ಒಳ್ಗೆಲ್ಲ ಲೋಳೆ ಕಟ್ಟಿತ್ತು ಅಜ್ಜಿ, ಚೆನ್ನಾಗಿ ತಿಕ್ಕಿಟ್ಟಿವ್ನಿ" ಅಂದಳು. ನಗು ಬಂತು, ಹಿಂದೆಯೇ ಅಳುವೂ ಬಂತು. "ಚೆಂದಾಗೇ ತೊಳ್ದಿದ್ದೀಯ ಬುಡು ಮಗ" ಅಂದೆ.

ತಿಥಿ ಮುಗಿದ ಮುಂದಿನ ವಾರವೇ, ಚಿಕ್ಕಮ್ಮ ಕೊಟ್ಟ ತುಂಡಿನಿಂದ ಬೆಳೆದ ನನ್ನ ಜಾಡಿಯ ಹೆಪ್ಪಿನಲ್ಲಿ ಅರ್ಧ ತೆಗೆದುಕೊಂಡು ಊರಿನ ಬಸ್ಸು ಹತ್ತಿದೆ. ರಸ್ತೆಯೇನೋ ಈಗ ನುಣ್ಣಗಿದೆ, ಆದರೂ ಹುಳಿ ತುಳುಕುತ್ತಿತ್ತು. ತೊಡೆಯ ಮೇಲೆ ಜಾಡಿ ಹಿಡಿದವಳೂ ನಾನೇ, ಬಟ್ಟೆ ಒತ್ತಿ ಹಿಡಿದವಳೂ ನಾನೇ.