ಕುರ್ಲಾದಿಂದ ಹೋದ ಮೊದಲ ಹಾಳೆ

ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನಮ್ಮದು ಪಂಪು ತಯಾರಿಸುವ ಕಂಪನಿ. ಪರೇಲ್‌ನ ಹೆಡ್ ಆಫೀಸಿನಲ್ಲಿ ಆತ ಮ್ಯಾನೇಜರು, ನಾನು ಡ್ರಾಯಿಂಗ್ ವಿಭಾಗದ ಗುಮಾಸ್ತೆ. ಗಿರಾಕಿ ಒಪ್ಪಿ ಕಳಿಸಿದ್ದ ಒಂದು ನಕ್ಷೆ ಕಳೆದುಹೋಯಿತು. ನಾನದನ್ನು ಆತನ ಕೈಗೇ ಕೊಟ್ಟು, ಡೆಲಿವರಿ ಬುಕ್ಕಿನಲ್ಲಿ ಸಹಿ ಹಾಕಿಸಿಕೊಂಡಿದ್ದೆ. ಆತ “ನನಗೆ ಬಂದೇ ಇಲ್ಲ” ಅಂದ. ಹುಡುಕಿದರೆ ಬುಕ್ಕೂ ಮಾಯ! ಇಡೀ ಆಫೀಸಿನ ಎದುರಿಗೆ, ನಾನು ಬೇಜವಾಬ್ದಾರಿಯವಳು ಅಂತ ಮೆಮೊ ಓದಿದ. ಆಮೇಲೆ ಹತ್ತಿರ ಬಂದು, ಮೈಸೂರಿನ ಕಡೆಯವನೇ ನೋಡಿ, ಕನ್ನಡದಲ್ಲಿ, “ನಮ್ಮೋರು ಅಂತ ಬಿಟ್ಬಿಡಕ್ಕಾಗುತ್ತೇನಮ್ಮಾ?” ಅಂದ.

ನನ್ನನ್ನು ಕುರ್ಲಾದ ಕಾರ್ಖಾನೆ ಆಫೀಸಿಗೆ ಎತ್ತಿ ಹಾಕಿದರು. ಮನೆಯಿದ್ದ ಸಾಂತಾಕ್ರೂಜ್‌ನಿಂದ ಒಂದೇ ಲೋಕಲ್ ರೈಲಿನಲ್ಲಿ ಹೋಗಿಬರುತ್ತಿದ್ದವಳು ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಗಾಡಿಗೆ ಮುಗಿಬೀಳಬೇಕಾಯಿತು. ತಾಳಿದವನು ಬಾಳಿಯಾನು ಅಂತ ನನ್ನ ಯಜಮಾನರು ಸಮಾಧಾನ ಹೇಳಿದರು. ನಾನು ತಾಳಿದೆ, ಆದರೆ ಬಾಳುವ ಉದ್ದೇಶಕ್ಕಲ್ಲ.

ಹೆಡ್ ಆಫೀಸಿಗೆ ಬೇಡವಾದದ್ದೆಲ್ಲ ಕುರ್ಲಾದ ಗೋದಾಮಿಗೇ ಬರುತ್ತಿತ್ತು. ಮುರಿದ ಕುರ್ಚಿ, ಹಳೇ ರಿಜಿಸ್ಟರು, ನಾನು. ಒಂದು ದಿನ ಹಾಗೆ ಬಂದ ಕಟ್ಟೊಂದನ್ನು ಬಿಚ್ಚಿದರೆ ನನ್ನ ಡೆಲಿವರಿ ಬುಕ್ಕು! ನಕ್ಷೆಯ ನಂಬರಿನ ಮುಂದೆ ಆತನ ಸಹಿ, ಬಾಲ ಎಳೆದದ್ದು, ಹಾಗೇ ಇತ್ತು. ಮರುದಿನವೇ ಒಯ್ದು ಕಂಪನಿಯ ಮಾಲೀಕರು ಸೇಠ್‌ಜಿಗೆ ತೋರಿಸಬಹುದಿತ್ತು. ಆದರೆ ಮುಚ್ಚಿದ ಬಾಗಿಲ ಹಿಂದೆ ಮ್ಯಾನೇಜರು “ಮರೆತಿತ್ತು” ಅಂದುಬಿಡುತ್ತಿದ್ದ. ನನ್ನ ಮಾನ ಹೋದದ್ದು ಹತ್ತು ಜನರ ಮುಂದೆ. ನನಗೂ ಆ ಹತ್ತು ಜನ ಬೇಕಾಗಿತ್ತು. ಬುಕ್ಕನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುರ್ಲಾದಲ್ಲಿ ಸ್ಕ್ಯಾನ್ ಮಾಡಿದ ಕಾಗದ ಟೆಲಿಫೋನ್ ತಂತಿಯ ಮೇಲೆ ಪರೇಲ್‌ನ ಸರ್ವರಿಗೆ ಹೋಗಿ ಕೂರಬೇಕು ಅಂತ ಸೇಠ್‌ಜಿಗೆ ಆಸೆ ಹುಟ್ಟಿತು. ಯಂತ್ರ ಮುಟ್ಟಲು ಉಳಿದವರು ಹೆದರಿದರು, ಕೆಲಸ ನನ್ನ ಪಾಲಿಗೆ ಬಂತು. ನಾಲ್ಕು ದಿನ ಒದ್ದಾಡಿದೆ. ಮೋಡೆಮ್ ಕಿರುಚುತ್ತಿತ್ತು, ಅರ್ಧ ಹಾಳೆ ಹೋಗುವಷ್ಟರಲ್ಲಿ ಲೈನ್ ಕಟ್ಟಾಗುತ್ತಿತ್ತು. ಲೈನ್ ಕಡಿಯದೆ ಉಳಿದರೆ, ನಮ್ಮ ಫೈಲು ಇಟ್ಟುಕೊಳ್ಳಲು ಸರ್ವರಿನಲ್ಲಿ ಅನುಮತಿಯೇ ಕೊಟ್ಟಿರಲಿಲ್ಲ. ಕಂಪ್ಯೂಟರಿನ ಎಂಜಿನಿಯರನ್ನು ಕಾಡಿಸಿ ಎಲ್ಲ ಸರಿಮಾಡಿಸಿಕೊಂಡೆ. ಅಷ್ಟು ಶ್ರದ್ಧೆಯಿಂದ ನಾನು ದೇವರ ಪೂಜೆಯನ್ನೂ ಮಾಡಿದವಳಲ್ಲ.

ಪರೀಕ್ಷೆಯ ದಿನ ಪರೇಲ್‌ನಲ್ಲಿ ಸೇಠ್‌ಜಿ, ಆಫೀಸಿನವರೆಲ್ಲ ಕಂಪ್ಯೂಟರಿನ ಸುತ್ತ ನೆರೆದಿದ್ದರು. ಅಕ್ಷರ ಓದಲು ಬರುತ್ತದೆಯೇ ಅಂತ ಇನ್ನೊಂದು ಫೋನಿನಲ್ಲಿ ನನಗೆ ಹೇಳಬೇಕಾದವನು ಮ್ಯಾನೇಜರೇ. “ಯಾವ್ದಾದ್ರೂ ಒಂದು ಕಾಗದ ಕಳ್ಸಮ್ಮಾ” ಅಂದ. ಬುಕ್ಕಿನ ಆ ಪುಟವನ್ನು ಗಾಜಿನ ಮೇಲೆ ಬೋರಲು ಹಾಕಿ ಕಳಿಸಿದೆ.

ಫೈಲು ತಲುಪಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಪರದೆಯ ಮೇಲೆ ಹಾಳೆ ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಮೂಡತೊಡಗಿತು. ಆತ ಉತ್ಸಾಹದಿಂದ ಓದಿದ: “ತಾರೀಕು ಕಾಣ್ತಿದೆ… ಡ್ರಾಯಿಂಗ್ ನಂಬರ್ ಕಾಣ್ತಿದೆ…”

“ಮುಂದೆ ಸಹಿ ಇದೆಯಲ್ಲ ಸರ್, ಅದು ಕಾಣುತ್ತಾ?”

“ಇಲ್ಲ. ಅಲ್ಲಿ ಮಸುಕಾಗಿದೆ.”

“ಹಾಗಾದ್ರೆ ಅದೊಂದನ್ನೇ ದೊಡ್ಡದು ಮಾಡಿ ಕಳಿಸ್ತೀನಿ, ಇರಿ.”

“ಬೇಡಮ್ಮಾ, ಸಾಕು…”

ಕಳಿಸಿದೆ. ಈ ಸಲ ಪರದೆ ತುಂಬ ಆತನ ಸಹಿಯೊಂದೇ, ಕಪ್ಪಗೆ, ಬಾಲದ ಸಮೇತ. ಗುಸುಗುಸು ಕೇಳಿಸಿತು. ಫೋನು ಕೈ ಬದಲಾಯಿತು. “ಯೇ ಕಿಸ್ಕಾ ಸೈನ್ ಹೈ?” ಅಂದರು ಸೇಠ್‌ಜಿ.

ಯಾರ ಸಹಿ ಅಂತ ನಿಮ್ಮ ಪಕ್ಕದಲ್ಲಿರುವವರನ್ನೇ ಕೇಳಿ ಅಂದೆ. ದೂರದಿಂದ, ಸಣ್ಣ ದನಿಯಲ್ಲಿ, “ಮೇರಾ ಹೈ ಸಾಬ್” ಅಂತ ಆತ ಒಪ್ಪಿಕೊಂಡದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

“ಸೇಠ್‌ಜಿ, ಲೈನ್ ಸರಿ ಇಲ್ಲ,” ಅಂದೆ ನಾನು. “ಅವರಿಗೆ ಇನ್ನೊಂದು ಸಲ ಜೋರಾಗಿ ಹೇಳೋಕೆ ಹೇಳಿ.”